ಅಪುತ್ರಿಕನ ಆಸ್ತಿ: ಕುರುಡುಮಲೆಯ ಸೀಮೆಯಿಂದ ಒಂದು ವಿಚಾರ

ಮುಳಬಾಗಿಲಿನಿಂದ ಸುಮಾರು ೧೦ ಕಿಲೋಮೀಟರು ದೂರದಲ್ಲಿರುವ ಕುರುಡುಮಲೆಯನ್ನು ಬಲ್ಲವರಲ್ಲಿ ಬಹುಮಂದಿ ಅಲ್ಲಿಯ ದೊಡ್ಡ ಗಣಪತಿಯ ದರ್ಶನಕ್ಕಾಗಿ ಹೋಗಿಬಂದವರು. ಆ ಗುಡಿಗೆ ಅನತಿದೂರದಲ್ಲಿ ಸೋಮೇಶ್ವರ ದೇವಾಲಯವಿದೆ. ಊರಿನವರು ಅದನ್ನು ತೋರಿಸುತ್ತ, ಅದರ ಅರ್ಧಭಾಗವನ್ನು ಜಕಣಾಚಾರಿಯೂ ಉಳಿದರ್ಧವನ್ನು ಅವನ ಮಗ ಡಂಕಣನೂ ಕಡೆದರೆಂದೂ, ಮಗನ ಕೈಯ ಭಾಗವೇ ಹೆಚ್ಚು ನಯವೆಂದೂ ಹೇಳುವುದುಂಟು. ಕಾಲನಿರ್ಣಯಕ್ಕೆ ಈ ಐತಿಹ್ಯದಿಂದ ಯಾವ ನೆರವೂ ದೊರೆಯದು. ಆದರೂ ತಂದೆ ಎಲ್ಲಿ ನಿಲ್ಲಿಸಿದನೋ ಅಲ್ಲಿಂದ ಮಗನು ಮುಂದುವರಿಸಬೇಕೆಂಬ ಲೋಕದ ನಿರೀಕ್ಷೆ ಅದರಲ್ಲಿ ಸ್ಪಷ್ಟವಾಗಿ ಮೂಡಿದೆ. ಮಗನಿಲ್ಲದವನು ಸತ್ತರೆ ಏನು? ಅವನು ಉತ್ತ ಹೊಲ, ತೋಡಿದ ಬಾವಿ, ಕಟ್ಟಿದ ಮನೆ ಯಾರಿಗೆ ಸೇರಬೇಕು? ಈ ಪ್ರಶ್ನೆಗೆ ಕನ್ನಡನಾಡು ಬೇರೆ ಬೇರೆ ಕಾಲಗಳಲ್ಲಿ ಕೊಟ್ಟ ಉತ್ತರಗಳಲ್ಲಿ ಕೆಲವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತಿನ ಇತ್ಯರ್ಥವಾಗಬೇಕು. ಇಂದಿನ ನ್ಯಾಯಾಲಯಗಳಲ್ಲಿ ಈ ವಿಷಯವನ್ನು 'ಮರಣಶಾಸನ ಬರೆಯದೆ ಸತ್ತವನ ಆಸ್ತಿ' ಎಂಬ ಶೀರ್ಷಿಕೆಯಲ್ಲಿ ಚರ್ಚಿಸುವುದು ವಾಡಿಕೆ. ಶಾಸನವೆಂದೊಡನೆ ಕಲ್ಲನ್ನೂ ತಾಮ್ರಪಟವನ್ನೂ ನೆನೆಯುವ ಇತಿಹಾಸದ ವಿದ್ಯಾರ್ಥಿಗೆ ಈ ಪದ ಸ್ವಲ್ಪ ವಿಚಿತ್ರವಾಗಿಯೇ ಕೇಳಿಸುತ್ತದೆ. ನಮ್ಮ ಪ್ರಾಚೀನ ಶಾಸನಗಳಲ್ಲಿ ದಾನವುಂಟು, ಕ್ರಯವುಂಟು, ಮಾನ್ಯವುಂಟು; ಕೊಡುವವನು ಬದುಕಿರುವಾಗಲೇ ಧಾರೆಯೆರೆದು ಕೊಡುತ್ತಾನೆ. ತಾನು ಸತ್ತ ಮೇಲೆ ಜಾರಿಗೆ ಬರಲೆಂದು ಆಸ್ತಿಯನ್ನು ಹಂಚಿ ಬರೆದಿಡುವ ಪದ್ಧತಿ ಹಿಂದೂ ಧರ್ಮಶಾಸ್ತ್ರದಲ್ಲಿ ಬೇರೂರಿದುದಲ್ಲ. 'ಉಯಿಲು' ಎಂಬುದು ಇಂಗ್ಲಿಷಿನ 'ವಿಲ್' ಶಬ್ದ ನಮ್ಮ ನಾಲಗೆಯಲ್ಲಿ ಪಡೆದ ರೂಪ. ಹಿಂದೂ ಉಯಿಲುಗಳ ಕಾಯಿದೆ ೧೮೭೦ರಲ್ಲಿ ಬಂದಾಗಲೂ ಅದು ಅನ್ವಯಿಸಿದ್ದು ಬಂಗಾಳದ ಕೆಳಪ್ರಾಂತಗಳಿಗೆ ಹಾಗೂ ಮದರಾಸು, ಮುಂಬಯಿ ಪಟ್ಟಣಗಳಿಗೆ. ಆದುದರಿಂದ ಹಿಂದಿನ ಕಾಲದ ನಮ್ಮ ಹಳ್ಳಿಗನು ಉಯಿಲಿಲ್ಲದೆ ಸತ್ತನೆಂದು ಹೇಳುವುದರಲ್ಲಿ ವಿಶೇಷವೇನೂ ಇಲ್ಲ. ಎಲ್ಲರೂ ಹಾಗೆಯೇ ಸತ್ತರು. ಪಾಶ್ಚಾತ್ಯ ನ್ಯಾಯಶಾಸ್ತ್ರ ಕೇಳಿದ ಪ್ರಶ್ನೆ 'ಬರೆದಿಟ್ಟನೆ?' ಎಂಬುದು, ನಮ್ಮವರು ಕೇಳಿದ ಪ್ರಶ್ನೆ 'ಮಗನಿದ್ದನೆ?' ಎಂಬುದು. ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ಕಾಣುವ 'ಅಪುತ್ರಿಕ' ಎಂಬ ಮಾತಿನ ಹಿಂದೆ ಇರುವುದು ಈ ಪ್ರಶ್ನೆಯೇ.

ಕೋಲಾರದ ಸೀಮೆಯಲ್ಲಿ ಸಾವಿನ ಮಾತನ್ನು ಹೇಳುವ ಕಲ್ಲುಗಳಿಗೆ ಕೊರತೆಯಿಲ್ಲ. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ಣಾಟಿಕದ ೧೦ನೆಯ ಸಂಪುಟವನ್ನು ತಿರುವಿಹಾಕಿದರೆ ಕನ್ನಡ, ತಮಿಳು, ತೆಲುಗು ಮೂರು ಭಾಷೆಗಳೂ ಬೆರೆತ ಈ ನಾಡಿನ ಸ್ವರೂಪ ತಾನಾಗಿ ತಿಳಿಯುತ್ತದೆ. ಗಂಗ-ನೊಳಂಬರ ಕಾಲದ ವೀರಗಲ್ಲುಗಳಲ್ಲಿ ತುರುಗೊಳ್ಳುವವರ ಎದುರು ಹೋರಾಡಿ ಮಡಿದವರ ಹೆಸರು ಬರುತ್ತದೆ. ಹಾಗೆ ಮಡಿದವನ ಹೆಸರಿನಲ್ಲಿ ಭೂಮಿ ಕೊಟ್ಟುದನ್ನು 'ಬಾಳ್ಗಳ್ಚು' ಎಂದೂ 'ಕಲ್ನಾಡು' ಎಂದೂ ಕರೆದಿದೆ. ಮುಂದಿನ ಕಾಲದಲ್ಲಿ ಇದೇ ಬಗೆಯ ಕೊಡುಗೆಗೆ 'ನೆತ್ತರುಗೊಡಗೆ' ಎಂಬ ಇನ್ನೂ ನಿಷ್ಠುರವಾದ ಹೆಸರು ಬಂದಿತು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಸತ್ತವನ ಕತ್ತಿಯನ್ನು ತೊಳೆದು ಕೊಟ್ಟ ನೆಲವೆಂದು ಇದರ ಅರ್ಥ. ಹಠಾತ್ತಾಗಿ ಬಿದ್ದವನಿಗೆ ಯಾರಿಗೇನು ಸೇರಬೇಕೆಂದು ಹೇಳುವ ಅವಕಾಶವಿಲ್ಲ. ಆ ಮಾತನ್ನು ಅವನ ಪರವಾಗಿ ಊರು ಅಥವಾ ಒಡೆಯನು ಹೇಳುತ್ತಿದ್ದನು.

ಇದಕ್ಕೆ ಅತ್ಯಂತ ಪ್ರಸಿದ್ಧವಾದ ನಿದರ್ಶನ ಬೆಂಗಳೂರಿನ ಬಳಿಯ ಬೇಗೂರಿನದು. ಸುಮಾರು ಕ್ರಿ. ಶ. ೯೦೦ರ ಆ ಶಿಲೆಯಲ್ಲಿ, ಗಂಗ ಎರೆಯಪ್ಪನ ಕಡೆಯ ನಾಗತ್ತರನು ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಹೋರಾಡಿ ಮಡಿದನೆಂದೂ, ಅದನ್ನು ಕೇಳಿ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದೂ ಇದೆ. ಎದುರಾಳಿ ವೀರಮಹೇಂದ್ರನು ನೊಳಂಬ ವಂಶದವನು. ಮುಳಬಾಗಿಲು ತಾಲ್ಲೂಕಿನ ಆವನಿಯ ದೇವಾಲಯಗಳಿಗೂ ಆ ವಂಶಕ್ಕೂ ನಿಕಟವಾದ ಸಂಬಂಧವುಂಟು. ಇಲ್ಲಿ ಗಮನಿಸಬೇಕಾದುದು ಇಷ್ಟೆ: ಪಟ್ಟವೂ ಊರುಗಳೂ ನಾಗತ್ತರನಿಂದ ತಾವಾಗಿ ಇಳಿದು ಬರಲಿಲ್ಲ. ಅರಸನು ಅವನ್ನು ಹೊಸದಾಗಿ ಕೊಡಬೇಕಾಯಿತು. ಸೇವೆಗಾಗಿ ಪಡೆದ ಭೂಮಿ ಸಾವಿನೊಡನೆ ಒಂದು ಕ್ಷಣವಾದರೂ ಒಡೆಯನ ಕೈಗೆ ಮರಳುತ್ತಿತ್ತು. ಆ ಕ್ಷಣದಲ್ಲಿಯೇ ಹೆಂಡತಿ ಮಕ್ಕಳ ಗತಿ ತೂಗಾಡುತ್ತಿತ್ತು.

ಆವನಿಯ ಪ್ರಸ್ತಾಪ ಬಂದುದರಿಂದ ಅಲ್ಲಿಯ ತ್ರಿಭುವನಕರ್ತಾರನನ್ನೂ ನೆನೆಯಬೇಕು. ಈ ಶೈವ ಯತಿಯು ೪೦ ವರ್ಷಗಳ ಕಾಲ ಆವನಿಯ ಸ್ಥಾನವನ್ನು ಆಳಿ, ೫೦ ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ, ಕ್ರಿ. ಶ. ೯೬೧ರಲ್ಲಿ ತೀರಿಕೊಂಡನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಮಗನಿಲ್ಲದವನ ಸಂಪತ್ತಿನ ಪ್ರಶ್ನೆ ಇಂತಹವನಲ್ಲಿ ತೊಡಕಿನದಾಗಬೇಕಿತ್ತು. ಆದರೆ ಯತಿಗಳಿಗೆ ಯಾಜ್ಞವಲ್ಕ್ಯಸ್ಮೃತಿ ಬೇರೆಯೇ ಒಂದು ದಾರಿಯನ್ನು ಹಾಕಿಕೊಟ್ಟಿದೆ. ಗುರು, ಸಚ್ಛಿಷ್ಯ, ಧರ್ಮಭ್ರಾತೃ ಇವರು ಅಲ್ಲಿ ವಾರಸುದಾರರು. ಮಠಕ್ಕೆ ಮರಿ ಇರುವವರೆಗೆ ಅರಸನ ಕೈ ಅತ್ತ ಚಾಚುವ ಪ್ರಸಂಗ ಕಡಮೆ. ತೊಡಕೆಲ್ಲ ಸಂಸಾರಿಯದು.

ಸಾಮಾನ್ಯ ಸಂಸಾರಿಯ ವಾರಸಿನ ಕ್ರಮವನ್ನು ಬಾಯಿಬಿಟ್ಟು ಹೇಳುವ ಶಿಲೆಯೊಂದನ್ನು ನೋಡಬೇಕಾದರೆ ಕೋಲಾರವನ್ನು ಬಿಟ್ಟು ಬಹುದೂರ ಉತ್ತರಕ್ಕೆ, ವಿಜಯಪುರ ಜಿಲ್ಲೆಯ ಮನಗೂಳಿಗೆ ಹೋಗಬೇಕು. ಅಲ್ಲಿಯ ೧೨ನೆಯ ಶತಮಾನದ ಶಾಸನಗಳನ್ನು ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದ ೫ನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಬಸವಣ್ಣನವರ ಚರಿತ್ರೆಯ ಚರ್ಚೆಯಲ್ಲಿ ಈ ಶಾಸನಗಳು ಹಲವು ಬಾರಿ ಉಲ್ಲೇಖಗೊಂಡಿವೆ. ಆ ಚರ್ಚೆಯ ಗದ್ದಲದಲ್ಲಿ ಅವುಗಳಲ್ಲೊಂದು ಕಟ್ಟಳೆ ಸಾಕಷ್ಟು ಗಮನ ಪಡೆಯದೆ ಹೋಯಿತೆಂದು ನಮಗೆ ತೋರುತ್ತದೆ. ಅದರ ತಾತ್ಪರ್ಯ ಇದು: ಊರಿನಲ್ಲಿ ಯಾವನಾದರೂ ಮಕ್ಕಳಿಲ್ಲದೆ, ಎಂದರೆ ಗಂಡುಮಕ್ಕಳಿಲ್ಲದೆ, ಸತ್ತರೆ ಅವನ ಹೆಂಡತಿ, ಹೆಣ್ಣುಮಕ್ಕಳು, ವಿಭಕ್ತರಾದ ತಂದೆತಾಯಿಗಳು, ಅಣ್ಣತಮ್ಮಂದಿರು, ಅವರ ಮಕ್ಕಳು, ಬಳಿಕ ಸಗೋತ್ರದ ಜ್ಞಾತಿಗಳಲ್ಲಿ ಉಳಿದವರು ಅವನ ಸಮಸ್ತವನ್ನೂ ತೆಗೆದುಕೊಳ್ಳತಕ್ಕದ್ದು. ಸಮಸ್ತವೆಂದರೆ ಏನೆಂಬುದನ್ನೂ ಶಾಸನ ಬಿಡಿಸಿ ಹೇಳುತ್ತದೆ: ಎರಡು ಕಾಲಿನವು, ನಾಲ್ಕು ಕಾಲಿನವು, ನಾಣ್ಯ, ಧಾನ್ಯ, ಮನೆ, ಹೊಲ. ಮೇಲ್ಕಂಡವರಲ್ಲಿ ಒಬ್ಬರೂ ಇಲ್ಲವಾದರೆ ಮಾತ್ರ ಊರಿನ ಅಧಿಕಾರವುಳ್ಳವರು ಅದನ್ನು ಧರ್ಮಕಾರ್ಯಕ್ಕಾಗಿ ವಶಪಡಿಸಿಕೊಳ್ಳಬೇಕು. 'ಎರಡು ಕಾಲಿನವು' ಎಂಬ ಮಾತು ಆಳುಗಳನ್ನು ಕುರಿತದ್ದು. ಅವರು ಎತ್ತುಗಳೊಡನೆ ಒಂದೇ ಉಸಿರಿನಲ್ಲಿ ಎಣಿಕೆಗೊಂಡಿರುವುದನ್ನು ಓದಿ ಮುಂದೆ ಸಾಗುವುದು ಸುಲಭವಲ್ಲ.

ಈ ಕಟ್ಟಳೆ ಹುಟ್ಟಿದ್ದು ಶೂನ್ಯದಲ್ಲಲ್ಲ. ಮನಗೂಳಿಯ ಈಶಾನ್ಯಕ್ಕಿರುವ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದಿದ್ದನು. ಅಪುತ್ರನ ಆಸ್ತಿಗೆ ಪತ್ನಿ, ಪುತ್ರಿಯರು, ತಂದೆತಾಯಿ, ಸೋದರರು, ಸೋದರಪುತ್ರರು, ಗೋತ್ರಜರು, ಬಂಧುಗಳು, ಶಿಷ್ಯ, ಸಹಪಾಠಿ ಎಂಬ ಕ್ರಮ ಮೂಲಸ್ಮೃತಿಯದು. ಮನಗೂಳಿಯ ಪಟ್ಟಿ ಇದರ ಹೆಜ್ಜೆಯಲ್ಲಿಯೇ ನಡೆಯುತ್ತದೆ. ವರ್ತಕರೂ ಒಕ್ಕಲಿಗರೂ ಇರುವ ಊರಿಗೆ ಅಷ್ಟಾಗಿ ಬೇಡದ ಶಿಷ್ಯನನ್ನೂ ಸಹಪಾಠಿಯನ್ನೂ ಅದು ಕೈಬಿಟ್ಟಿದೆ. ಹೆಚ್ಚಿನ ವ್ಯತ್ಯಾಸವಿರುವುದು ಕೊನೆಯಲ್ಲಿ. ಯಾರೂ ಇಲ್ಲದಿದ್ದರೆ, ಬ್ರಾಹ್ಮಣನ ಧನವನ್ನುಳಿದು, ಮಿಕ್ಕುದನ್ನು ಅರಸನು ತೆಗೆದುಕೊಳ್ಳಬಹುದೆಂಬುದು ಶಾಸ್ತ್ರ. ಮನಗೂಳಿಯಲ್ಲಿ ಆ ಜಾಗಕ್ಕೆ ಊರು ಬಂದಿದೆ. ಮಗನಿಲ್ಲದ ಮನೆಯ ಬಾಗಿಲಿಗೆ ಅರಸಿನ ಅಧಿಕಾರಿ ಬಂದು ಮುದ್ರೆಯೊತ್ತುವ ಭಯವಿಲ್ಲದೆ ಇಂತಹ ಕಟ್ಟಳೆಯನ್ನು ಕಲ್ಲಿನಲ್ಲಿ ಕಡೆಯಿಸುವ ಅವಶ್ಯಕತೆ ಊರಿಗೆ ಬೀಳುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ಪತ್ನಿಯ ಸ್ಥಾನವೂ ಪ್ರತಿಭಟನೆಯಿಲ್ಲದೆ ಸ್ಥಿರವಾದುದಲ್ಲ. ವಿಜ್ಞಾನೇಶ್ವರನಿಗಿಂತ ಹಿಂದಿನವರಲ್ಲಿ, ನಿಯೋಗದಿಂದ ಮಗನನ್ನು ಪಡೆಯಲು ಒಪ್ಪಿದ ವಿಧವೆಗೆ ಮಾತ್ರ ಆಸ್ತಿಯೆಂದು ಧಾರೇಶ್ವರನೂ, ಆಸ್ತಿ ಅಲ್ಪವಾಗಿದ್ದರೆ ಮಾತ್ರ ಅವಳಿಗೆಂದು ಶ್ರೀಕರನೂ ವಾದಿಸಿದ್ದರು. ಮಿತಾಕ್ಷರಕಾರನು ಇಬ್ಬರನ್ನೂ ನಿರಾಕರಿಸಿ, ಸಾಧ್ವಿಯಾದ ವಿಧವೆಗೆ ಗಂಡನ ಸಮಸ್ತ ಧನವೂ ಸಲ್ಲತಕ್ಕದ್ದೆಂದು ನಿರ್ಣಯಿಸಿದನು. ತಂದೆತಾಯಿಗಳಲ್ಲಿ ತಾಯಿಗೇ ಮೊದಲ ಹಕ್ಕೆಂದನು. ಸಪಿಂಡವೆಂಬುದಕ್ಕೆ ಪಿಂಡಪ್ರದಾನದ ಅರ್ಥವನ್ನು ಬಿಟ್ಟು, ಒಂದೇ ದೇಹದ ಅಂಶವನ್ನು ಹಂಚಿಕೊಂಡವರೆಂಬ ಅರ್ಥವನ್ನು ಹೇಳಿದನು. ಎಂಟು ಒಂಬತ್ತು ನೂರು ವರ್ಷಗಳ ಹಿಂದೆ ಕನ್ನಡದ ರಾಜಧಾನಿಯಲ್ಲಿ ಕುಳಿತು ಒಬ್ಬ ಪಂಡಿತನು ಇಷ್ಟು ಹೇಳಿದನೆಂಬುದು ಹೆಮ್ಮೆಯ ವಿಷಯವೆ.

ಆದರೆ ಅದೇ ಪಂಡಿತನ ಲೇಖನಿಯಿಂದ ಬಂದ ಒಂದು ವಿಶೇಷಣ ಈ ಎಲ್ಲ ಔದಾರ್ಯವನ್ನೂ ಬಹುಮಟ್ಟಿಗೆ ಕಟ್ಟಿಹಾಕಿತು. ವಿಧವೆಯ ಹಕ್ಕು ವಿಭಕ್ತನಾದ, ಮರಳಿ ಸಂಸೃಷ್ಟಿಯಾಗದ ಗಂಡನ ಆಸ್ತಿಯಲ್ಲಿ ಮಾತ್ರ. ಪಾಲಾಗದ ಕುಟುಂಬದಲ್ಲಿ ಗಂಡಸು ಸತ್ತರೆ ಅವನ ಅಂಶ ಉಳಿದ ದಾಯಾದರಲ್ಲಿ ಲೀನವಾಗುತ್ತದೆ. ಹೆಂಡತಿಗೆ ಉಳಿಯುವುದು ಅನ್ನ, ಬಟ್ಟೆ, ಒಂದು ಮೂಲೆ. ಮನಗೂಳಿಯ ಶಾಸನದಲ್ಲಿಯೂ ತಂದೆತಾಯಿಗಳ ಹಿಂದೆ 'ವಿಭಕ್ತ' ಎಂಬ ವಿಶೇಷಣ ಬಂದಿರುವುದನ್ನು ಮರೆಯಬಾರದು. ಹಳ್ಳಿಗಾಡಿನಲ್ಲಿ ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಇರುವುದೇ ಮರ್ಯಾದೆಯೆನಿಸಿದ್ದ ಕಾಲದಲ್ಲಿ ವಿಭಕ್ತನಾಗಿ ಸಾಯುವವರು ಎಷ್ಟು ಮಂದಿ? ಪಟ್ಟಿಯಲ್ಲಿ ಹೆಂಡತಿಯ ಹೆಸರು ಮೊದಲಿತ್ತು. ಆ ಪಟ್ಟಿಯನ್ನು ತೆರೆಯುವ ಸಂದರ್ಭವೇ ವಿರಳವಾಗಿತ್ತು. ಅನಂತರದ ಶತಮಾನಗಳ ವ್ಯಾಜ್ಯಗಳಲ್ಲಿ 'ಪಾಲಾಗಿತ್ತೆ, ಇಲ್ಲವೆ?' ಎಂಬ ಒಂದು ಪ್ರಶ್ನೆಗೆ ಸಾಕ್ಷಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದರ ಕಾರಣ ಇದು. ಒಟ್ಟು ಕುಟುಂಬದ ಸ್ತುತಿ ನಮ್ಮಲ್ಲಿ ಬಹಳ ನಡೆದಿದೆ. ಆ ಸ್ತುತಿಯನ್ನು ಮಾಡಿದವರಲ್ಲಿ ಮಕ್ಕಳಿಲ್ಲದ ವಿಧವೆಯರು ಇದ್ದಂತೆ ತೋರದು. (ತುಳುನಾಡಿನ ಅಳಿಯಸಂತಾನದಲ್ಲಿ ತಾಯಿಯ ಕಡೆಯಿಂದ ವಾರಸು ಇಳಿಯುವುದರಿಂದ ಅಲ್ಲಿಯ ಲೆಕ್ಕವೇ ಬೇರೆ; ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.)

ವಾರಸುದಾರರ ಪಟ್ಟಿ ಎಷ್ಟೇ ಸ್ಪಷ್ಟವಾಗಿದ್ದರೂ ಸತ್ತವನ ಮನೆಗೆ ಮೊದಲು ಬಂದು ನಿಂತವನ ಬಲವೇ ಮೇಲಾಗುವ ಸಂಭವವುಂಟು. ಕೋಲಾರದ ಚರಿತ್ರೆಯಲ್ಲಿಯೇ ಇದಕ್ಕೊಂದು ಉದಾಹರಣೆ ಇದೆ. ಕೋಲಾರದಲ್ಲಿ ಗೋರಿಯಿರುವ ಫತೇಮಹಮದನು, ಹೈದರಾಲಿಯ ತಂದೆ, ೧೮ನೆಯ ಶತಮಾನದ ಪೂರ್ವಾರ್ಧದಲ್ಲಿ ಸಿರಾ ಸುಬೆಯ ಸೇವೆಯಲ್ಲಿ ಯುದ್ಧದಲ್ಲಿ ಮಡಿದನು. ಅವನಿಗೆ ಷಹಬಾಜ್, ಹೈದರ್ ಎಂಬ ಚಿಕ್ಕ ಮಕ್ಕಳಿದ್ದರು. ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಇಂತಿಷ್ಟೆಂದು ಅಂಶಗಳು ನಿಗದಿಯಾಗಿವೆ. ಅಪುತ್ರನೆಂಬ ತೊಡಕೂ ಇಲ್ಲಿ ಇರಲಿಲ್ಲ. ಆದರೆ ವಿಲ್ಕ್ಸ್ ಬರೆದಿರುವಂತೆ, ದೊಡ್ಡಬಳ್ಳಾಪುರದಲ್ಲಿದ್ದ ಅಬ್ಬಾಸ್ ಕುಲಿಖಾನನು ಫತೇಮಹಮದನಿಂದ ಬಾಕಿ ಬರಬೇಕೆಂಬ ನೆವವೊಡ್ಡಿ ಆ ಸಂಸಾರದ ಸ್ವತ್ತನ್ನೆಲ್ಲ ಸೆಳೆದುಕೊಂಡನು; ಇನ್ನೂ ಹಣ ಬರಲೆಂದು ಎಳೆಯ ಮಕ್ಕಳಿಬ್ಬರನ್ನೂ ಹಿಂಸಿಸಿದನು. ಸುಮಾರು ಮೂರು ದಶಕಗಳ ಬಳಿಕ, ೧೭೬೧ರಲ್ಲಿ, ಹೈದರನು ದೊಡ್ಡಬಳ್ಳಾಪುರದ ಮೇಲೆ ಬಂದಾಗ ಖಾನನು ಮದರಾಸಿಗೆ ಓಡಿಹೋದನು. ತಂದೆಯ ಸ್ವತ್ತನ್ನು ಕಿತ್ತುಕೊಂಡವನನ್ನು ದಂಡಿನೊಡನೆ ಹೋಗಿ ವಿಚಾರಿಸುವ ಭಾಗ್ಯ ಎಲ್ಲ ವಾರಸುದಾರರಿಗೂ ಇರುವುದಿಲ್ಲ.

ಬ್ರಿಟಿಷರ ಕಾಲದಲ್ಲಿ ಪಂಡಿತನ ಸ್ಥಾನವನ್ನು ನ್ಯಾಯಾಧೀಶನು ಪಡೆದನು. ಕೋಲ್‌ಬ್ರೂಕ್ ಅವರು ಮಿತಾಕ್ಷರದ ದಾಯಭಾಗ ಪ್ರಕರಣವನ್ನು ೧೮೧೦ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಸಂಸ್ಕೃತವರಿಯದ ನ್ಯಾಯಾಲಯಗಳಿಗೆ ಅದೇ ಆಕರವಾಯಿತು. ಪ್ರಾಂತಭೇದ, ಕುಲಾಚಾರಗಳಿಗೆ ಇದ್ದ ಅವಕಾಶ ಕುಗ್ಗಿತು. 'ವಿಭಕ್ತ' ಎಂಬ ಹೊಸ್ತಿಲು ಇನ್ನಷ್ಟು ಎತ್ತರವಾಯಿತು. ವಿಧವೆಗೆ ಆಸ್ತಿ ಬಂದ ಕಡೆಯಲ್ಲಿಯೂ ಅದು ಅವಳ ಜೀವಿತಾವಧಿಗೆ ಮಾತ್ರ ಎಂಬ ತತ್ತ್ವ ಬಲಗೊಂಡಿತು.

ಆ ಹೊಸ್ತಿಲಿಗೇ ಕೈಹಾಕಿದ ಕೀರ್ತಿ ಮೈಸೂರು ಸಂಸ್ಥಾನದ್ದು. ೧೯೩೩ರ ೧೦ನೆಯ ಕಾಯಿದೆ, ಎಂದರೆ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ, ಮೈಸೂರಿನ ಭಾಗವಾಗಿದ್ದ ಕೋಲಾರ ಜಿಲ್ಲೆಗೂ ಅನ್ವಯಿಸಿತು. ಇದರ ೮ನೆಯ ಪ್ರಕರಣ ಈ ಲೇಖನದ ದೃಷ್ಟಿಯಿಂದ ಅತ್ಯಂತ ಮುಖ್ಯ. ಕುಟುಂಬ ಪಾಲಾಗುವಾಗ ತಾಯಿ, ಅವಿವಾಹಿತ ಪುತ್ರಿ, ಪೂರ್ವಮೃತನಾದ ಅವಿಭಕ್ತ ಪುತ್ರನ ವಿಧವೆ ಮುಂತಾದವರಿಗೆ ಅಂಶವಿರಬೇಕೆಂದಷ್ಟೇ ಅದು ಹೇಳಿ ನಿಲ್ಲಲಿಲ್ಲ. ಅವಿಭಕ್ತ ಆಸ್ತಿ ಉಳಿಕೆಯ ನ್ಯಾಯದಿಂದ ಒಬ್ಬನೇ ದಾಯಾದನಿಗೆ ಹೋದಾಗಲೂ ಈ ಸ್ತ್ರೀಯರ ಅಂಶಗಳಿಗೆ ಒಳಪಟ್ಟೇ ಹೋಗತಕ್ಕದ್ದೆಂದಿತು. ಅವಿವಾಹಿತೆಗೆ ಸೋದರನ ಪಾಲಿನ ನಾಲ್ಕನೆಯ ಒಂದಂಶವನ್ನು ಗೊತ್ತುಮಾಡಿತು. ಇದು ಯಾಜ್ಞವಲ್ಕ್ಯನು ಸೋದರಿಯ ವಿವಾಹಕ್ಕೆಂದು ಹೇಳಿದ ಕಾಲುಭಾಗದ ಹೊಸ ಜನ್ಮ. ಗಂಡನಿಂದ ಬಂದ ಆಸ್ತಿಯನ್ನು, ಅವನ ಮಗಳಾಗಲಿ ಮಗಳ ಮಗನಾಗಲಿ ಇಲ್ಲದ ಪಕ್ಷದಲ್ಲಿ, ವಿಧವೆಯ ಸ್ತ್ರೀಧನವೆಂದು ಗಣಿಸಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯರಿಗೆ ಆಸ್ತಿಹಕ್ಕು ಕೊಡುವ ಕಾಯಿದೆ ಬಂದದ್ದು ೧೯೩೭ರಲ್ಲಿ. ಅದರಲ್ಲಿಯೂ ಹಕ್ಕು ಜೀವಾವಧಿಯದು. ಮೈಸೂರಿನ ಕಾಯಿದೆಯಲ್ಲಿ ಕೊರತೆಗಳಿದ್ದುವು. ವಿವಾಹಿತೆಯಾದ ಮಗಳನ್ನು ಅದು ಪಾಲಿನ ಸಮಯದಲ್ಲಿ ಹೊರಗೇ ನಿಲ್ಲಿಸಿತು. ಆದರೂ ಎಂಟು ಶತಮಾನಗಳ ಕಾಲ ಭದ್ರವಾಗಿದ್ದ ಬಾಗಿಲನ್ನು ಮೊದಲು ಸಡಿಲಿಸಿದ ಶಾಸನಗಳಲ್ಲಿ ಅದು ಒಂದು.

ಮುಂದಿನದು ಎಲ್ಲರಿಗೂ ತಿಳಿದ ಕಥೆ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಮಗ, ಮಗಳು, ವಿಧವೆ, ತಾಯಿ ಇವರನ್ನು ಒಂದೇ ವರ್ಗದಲ್ಲಿ ಕೂರಿಸಿತು. ಅಪುತ್ರನೆಂಬ ಭೇದವೇ ಅಳಿಯಿತು. ಆದರೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಜನ್ಮಸಿದ್ಧ ಹಕ್ಕು ಉಳಿಯಿತು. ಹೆಂಡತಿಯನ್ನು ಮೊದಲೇ ಕಳೆದುಕೊಂಡ ಒಬ್ಬ ರೈತನಿಗೆ ಆರು ಎಕರೆ ಪಿತ್ರಾರ್ಜಿತವೂ ಒಬ್ಬ ಮಗನೂ ಒಬ್ಬಳು ಮಗಳೂ ಇದ್ದರೆನ್ನೋಣ. ಮಿತಾಕ್ಷರದ ಪ್ರಕಾರ ಆರೂ ಮಗನಿಗೆ. ೧೯೫೬ರ ಕಾಯಿದೆಯಲ್ಲಿ, ಸಾಯುವ ಮುನ್ನ ತಂದೆಮಕ್ಕಳು ಪಾಲಾದರೆಂದು ಭಾವಿಸಿ, ತಂದೆಯ ಮೂರು ಎಕರೆಯನ್ನು ಮಾತ್ರ ಇಬ್ಬರಿಗೂ ಹಂಚಬೇಕು. ಮಗನಿಗೆ ನಾಲ್ಕೂವರೆ, ಮಗಳಿಗೆ ಒಂದೂವರೆ. ಕರ್ನಾಟಕದ ತಿದ್ದುಪಡಿ ೧೯೯೪ರ ಜುಲೈ ೩೦ರಿಂದ ಜಾರಿಗೆ ಬಂದು ಮಗಳನ್ನೂ ಹುಟ್ಟಿನಿಂದಲೇ ದಾಯಾದಳನ್ನಾಗಿ ಮಾಡಿತು; ಆ ಮೊದಲೇ ಮದುವೆಯಾದವಳನ್ನು ಬಿಟ್ಟಿತು. ೨೦೦೫ರ ಸೆಪ್ಟೆಂಬರ್ ೯ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ಸ್ಪಷ್ಟಪಡಿಸಿತು. ಈಗ ಇಬ್ಬರಿಗೂ ಮೂರು ಮೂರು ಎಕರೆ. ಯಾರೂ ವಾರಸುದಾರರಿಲ್ಲದ ಆಸ್ತಿ ೧೯೫೬ರ ಕಾಯಿದೆಯ ೨೯ನೆಯ ಪ್ರಕರಣದಂತೆ, ಸತ್ತವನ ಋಣಬಾಧ್ಯತೆಗಳೊಡನೆ, ಸರ್ಕಾರಕ್ಕೆ ಸೇರುತ್ತದೆ. ಮನಗೂಳಿಯವರು ಹೊರಗಿಟ್ಟ ಅರಸು ಹೀಗೆ ಹೆಸರು ಬದಲಾಯಿಸಿಕೊಂಡು ಪಟ್ಟಿಯ ಕೊನೆಗೆ ಮರಳಿದೆ.

ಕಾಯಿದೆಯ ಪುಸ್ತಕವನ್ನು ಮುಚ್ಚಿ ಕುರುಡುಮಲೆಯ ಸುತ್ತಿನ ಹೊಲಗಳಿಗೆ ಬಂದರೆ ಕಾಣುವುದು ಪಹಣಿ. ಮುಳಬಾಗಿಲಿನ ರೈತನಿಗೆ ಉತ್ತರಾಧಿಕಾರವೆಂಬ ಪದ ಪರಿಚಿತವಲ್ಲ. 'ಪೌತಿ ಖಾತೆ' ಎಂದರೆ ಮಕ್ಕಳಿಗೂ ಗೊತ್ತು. ಪೌತಿಯೆಂದರೆ ಸತ್ತುದು. ಖಾತೆದಾರನು ತೀರಿಕೊಂಡಾಗ ಮರಣದ ದಾಖಲೆಯನ್ನೂ ವಂಶವೃಕ್ಷವನ್ನೂ ಒಪ್ಪಿಸಿ ವಾರಸುದಾರರು ತಮ್ಮ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳುವುದೇ ಅದು. ಹಿಂದೆ ಈ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿತ್ತು. ಶಾನುಭೋಗಿಕೆ, ಪಟೇಲಿಕೆಗಳು ವಂಶಪಾರಂಪರ್ಯವಾಗಿದ್ದುದರಿಂದ ಸಾವಿನ ಲೆಕ್ಕ ಬರೆಯುವ ಅಧಿಕಾರವೂ ಸಾವಿನಿಂದಲೇ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ೧೯೬೩ರ ಫೆಬ್ರುವರಿ ೧ರಿಂದ ಜಾರಿಗೆ ಬಂದು ಆ ಪದ್ಧತಿ ಕೊನೆಗೊಂಡಿತು. ೧೯೬೪ರ ಭೂಕಂದಾಯ ಕಾಯಿದೆಯ ೧೨೮ನೆಯ ಪ್ರಕರಣದಂತೆ ವಾರಸಿನಿಂದ ಹಕ್ಕು ಪಡೆದವನು ಅದನ್ನು ವರದಿ ಮಾಡತಕ್ಕದ್ದು. ಹೀಗಿದ್ದರೂ ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಪಹಣಿಗಳು ಈ ಸೀಮೆಯಲ್ಲಿ ಅಪರೂಪವಲ್ಲ. ಅವನ್ನು ತಿದ್ದಲೆಂದೇ ೨೦೨೫ರಲ್ಲಿ ರಾಜ್ಯ ಸರ್ಕಾರ 'ಇ-ಪೌತಿ' ಆಂದೋಲನವನ್ನು ಕೈಗೊಂಡಿತು. ಅಜ್ಜನು ಕಾಗದದ ಮೇಲೆ ಬದುಕಿರುವವರೆಗೆ ಅತ್ತೆಯರ ಪಾಲಿನ ಮಾತು ಏಳುವುದಿಲ್ಲವೆಂಬುದು ತಡಕ್ಕೆ ಒಂದು ಕಾರಣವೆಂದು ನಮ್ಮೊಡನೆ ಮಾತನಾಡಿದ ಹಿರಿಯರು ಮುಚ್ಚುಮರೆಯಿಲ್ಲದೆ ಹೇಳಿದರು. ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಸಾಯುವುದೂ ಇಲ್ಲ ಎಂಬುದು ನ್ಯಾಯಾಲಯಗಳ ಸ್ಥಿರವಾದ ನಿಲುವು. ಆದರೆ ಸೋದರನಿಗೆ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟು, ಅರಿಶಿನ ಕುಂಕುಮದ ಬಾಬ್ತೆಂದು ಕೈಗೆ ಬಂದಷ್ಟನ್ನು ಸ್ವೀಕರಿಸಿ, ತವರಿನ ಬಾಗಿಲು ಮುಚ್ಚದಿರಲೆಂದು ಸುಮ್ಮನಾಗುವ ಹೆಣ್ಣಿಗೆ ಈ ನಿಲುವಿನಿಂದ ಪ್ರಯೋಜನವಿಲ್ಲ.

ಪಹಣಿಯ ಕಾಲಮಿನಲ್ಲಿ ಇನ್ನೂ ಒಂದು ವಿಶೇಷವಿದೆ. ಹಳೆಯ ಮೈಸೂರಿನ ಕಂದಾಯದ ಭಾಷೆಯಲ್ಲಿ ಗಂಡಸಿನ ಹೆಸರಿನ ಮುಂದೆ 'ಬಿನ್' ಎಂದು ತಂದೆಯ ಹೆಸರು ಬರುತ್ತದೆ. ಮದುವೆಯಾದ ಹೆಂಗಸಿನ ಹೆಸರಿನ ಮುಂದೆ 'ಕೋಂ' ಎಂದು ಗಂಡನ ಹೆಸರು. ತಂದೆಯ ಜಮೀನಿನಲ್ಲಿ ಪಾಲು ಪಡೆದವಳೂ ಅಲ್ಲಿ ಕಾಣುವುದು ಗಂಡನ ಹೆಸರಿನೊಡನೆ. ಅವಳು ಯಾರ ಮಗಳೆಂದು ತಿಳಿಯಬೇಕಾದರೆ ಪೌತಿ ಖಾತೆಯ ಕಡತವನ್ನು ತೆಗೆಸಿ, ಅದಕ್ಕೆ ಲಗತ್ತಿಸಿದ ವಂಶವೃಕ್ಷದಲ್ಲಿ ಅವಳ ಹೆಸರನ್ನು ಹುಡುಕಬೇಕು. ಮನಗೂಳಿಯ ಕಲ್ಲಿನಲ್ಲಿ 'ಹೆಣ್ಣುಮಕ್ಕಳು' ಎಂದಷ್ಟೇ ಇದೆ.